ತೋಟಕ್ಕೆ ತಿಳಿದದ್ದು ಮನೆಗೂ ತಿಳಿದಿರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಖರ್ಚಿನ ಮಾತಾಗಿ. ಆದರೆ ಮದುವೆಯ ಖರ್ಚು ಮೂರು ದಿನಕ್ಕೆ ಮುಗಿಯುತ್ತದೆ. ಮನೆಯಲ್ಲಿ ಉಳಿದ ದೋಷವನ್ನು ಮೂವತ್ತು ವರ್ಷ ಅನುಭವಿಸಬೇಕಾಗುತ್ತದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಬೆಂಗಳೂರಿನ ಉತ್ತರ ದಿಕ್ಕು ವೇಗವಾಗಿ ಬೆಳೆಯಿತು. ಹೆಬ್ಬಾಳ, ಯಲಹಂಕ, ವಿದ್ಯಾರಣ್ಯಪುರ, ಜಕ್ಕೂರು ಕಡೆಗಳಲ್ಲಿ ನೌಕರಿಯಲ್ಲಿರುವ ಮಕ್ಕಳಿಗಾಗಿ ನಿವೇಶನ ಕೊಂಡು ಮನೆ ಕಟ್ಟಿಸುತ್ತಿರುವವರಲ್ಲಿ ನಮ್ಮ ಬೆಳೆಗಾರ ಕುಟುಂಬಗಳೂ ಕಡಿಮೆಯಿಲ್ಲ. ಹಣ ಅಡಿಕೆಯದು ಅಥವಾ ಕಾಫಿಯದು. ಒಳ್ಳೆಯ ಧಾರಣೆ ಸಿಕ್ಕ ಎರಡು ಮೂರು ವರ್ಷಗಳ ಉಳಿತಾಯ, ಸಾಲದೆ ಬಂದರೆ ತೋಟದ ಮೇಲಿನ ಸಾಲ. ಸಣ್ಣ ಹಿಡುವಳಿದಾರನಿಗೆ ಇಂಥ ಅವಕಾಶ ಜೀವಮಾನದಲ್ಲಿ ಒಮ್ಮೆ ಮಾತ್ರ. ಮುಪ್ಪಿನಲ್ಲಿ ತಾನೂ ತನ್ನ ಹೆಂಡತಿಯೂ ಹೋಗಿ ಇರಬೇಕಾದ ಮನೆಯೂ ಹಲವರಿಗೆ ಅದೇ.

ಹೀಗೆ ಕಟ್ಟಿದ ಅನೇಕ ಮನೆಗಳನ್ನು ನಾವು ಹೊಕ್ಕು ನೋಡಿದ್ದೇವೆ. ಹೊರಗಿನ ಅಂದಕ್ಕೆ ಕೊರತೆಯಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಕೂರಲಾಗದೆ ಮನೆಯ ಹಿರಿಯರು ಕುರ್ಚಿಯನ್ನು ಗೇಟಿನ ಬಳಿಯ ಹೊಂಗೆಯ ನೆರಳಿಗೆ ಎಳೆದುಕೊಂಡು ಹೋಗುವುದನ್ನೂ ಕಂಡಿದ್ದೇವೆ. ತೋಟದಲ್ಲಿ ನೆರಳು, ಬಸಿಗಾಲುವೆ, ಮಣ್ಣು, ಮಳೆ ಎಂದು ದಿನವೂ ಚಿಂತಿಸುವ ಬೆಳೆಗಾರ, ಮನೆಯ ನಕ್ಷೆ ಎದುರಿಗೆ ಬಂದಾಗ ಮಾತ್ರ ತನ್ನ ತಿಳಿವಳಿಕೆಯನ್ನು ಬದಿಗಿಟ್ಟು ಕಾಂಟ್ರಾಕ್ಟರನ ಮಾತಿಗೆ ತಲೆಯಾಡಿಸುತ್ತಾನೆ. ಹಾಗೆ ಮಾಡಬೇಕಾಗಿಲ್ಲವೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಸೂರ್ಯನ ದಾರಿ ಒಂದೇ

ಬೆಂಗಳೂರು, ಚಿಕ್ಕಮಗಳೂರು, ಪುತ್ತೂರು ಈ ಮೂರೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮಳೆ ಬೇರೆ, ಸೆಕೆ ಬೇರೆ, ಸೂರ್ಯನ ದಾರಿ ಮಾತ್ರ ಒಂದೇ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ನಡುವಿನ ತಿಂಗಳುಗಳಲ್ಲಿ ಅವನು ಉತ್ತರಕ್ಕೆ ಸರಿಯುವುದರಿಂದ ಉತ್ತರದ ಗೋಡೆಗೂ ಬಿಸಿಲು ತಾಗುತ್ತದೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ.

ದಕ್ಷಿಣದ ಕಿಟಕಿಗೆ 2 ಅಡಿ ಸಜ್ಜ ಹಾಕಿದರೆ ಡಿಸೆಂಬರಿನ ಮಧ್ಯಾಹ್ನವೂ ಕಿಟಕಿಯ ಮೇಲಿನ ಎರಡೂವರೆ ಅಡಿಗಿಂತ ಹೆಚ್ಚು ಭಾಗಕ್ಕೆ ನೆರಳು ಸಿಗುತ್ತದೆ. ಕೆಳಗಿನಿಂದ ಒಳಬರುವ ಬಿಸಿಲು ಬೆಂಗಳೂರಿನ ಚಳಿಗೆ ಹಿತವೇ. ಪಶ್ಚಿಮದ ಕಿಟಕಿಯ ಸಂಗತಿ ಹಾಗಲ್ಲ. ಏಪ್ರಿಲಿನಲ್ಲಿ ಸಂಜೆ 4 ಗಂಟೆ ದಾಟುವಾಗ ಸೂರ್ಯನ ಎತ್ತರ 30 ಡಿಗ್ರಿಯ ಹತ್ತಿರಕ್ಕೆ ಇಳಿದಿರುತ್ತದೆ. ಆಗ ಅದೇ 2 ಅಡಿ ಸಜ್ಜ ಒಂದಡಿಗಿಂತ ತುಸು ಹೆಚ್ಚು ನೆರಳು ಕೊಟ್ಟೀತು, ಅಷ್ಟೇ. ಉಳಿದ ಬಿಸಿಲೆಲ್ಲ ಕೋಣೆಯೊಳಗೆ.

ಇದು ಅಡಿಕೆ ಬೆಳೆಗಾರರಿಗೆ ಹೊಸ ವಿಷಯವಲ್ಲ. ಸಾಲುಗಳನ್ನು ಉತ್ತರ-ದಕ್ಷಿಣವಾಗಿ ಹಿಡಿದು ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಿ ನೆಡಬೇಕೆಂದು, ತೋಟದ ದಕ್ಷಿಣ ಮತ್ತು ಪಶ್ಚಿಮ ಅಂಚಿಗೆ ಎತ್ತರದ ನೆರಳಿನ ಮರಗಳಿರಬೇಕೆಂದು ನಮಗೆ ಹೇಳಿದ್ದಾರೆ. ಎಳೆಯ ಮರದ ಕಾಂಡ ಬಿಸಿಲಿಗೆ ಸುಟ್ಟು ಸೀಳದಿರಲೆಂದು ಹಾಳೆ ಕಟ್ಟುತ್ತೇವೆ, ಸುಣ್ಣ ಬಳಿಯುತ್ತೇವೆ. ಮರಕ್ಕೆ ಮಾಡುವ ಈ ಉಪಚಾರವನ್ನು ಮನೆಗೂ ಮಾಡಬೇಕು. ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಬರಲಿ. ಮಲಗುವ ಕೋಣೆ, ಅದರಲ್ಲೂ ಹಿರಿಯರು ಮಲಗುವ ಕೋಣೆ, ಪೂರ್ವಕ್ಕೋ ಉತ್ತರಕ್ಕೋ ಇರಲಿ. ರಸ್ತೆ ಪಶ್ಚಿಮಕ್ಕಿದ್ದು ಬೇರೆ ದಾರಿಯಿಲ್ಲದಿದ್ದರೆ ಆ ಬದಿಗೆ ಅಗಲ ಕಿರಿದಾದ ಕಿಟಕಿ, ಜಾಲಿ ಗೋಡೆ, ಎದುರಿಗೆ ಒಂದು ಮರ ಇವು ಬೇಕೇ ಬೇಕು. ಆ ಬದಿಗೆ ದೊಡ್ಡ ಗಾಜು ಹಾಕಿ ಅದರ ಹಿಂದೆ ಎರಡು ಪರದೆ ಕಟ್ಟುವುದು ವ್ಯರ್ಥ ಖರ್ಚು.

ಯಶವಂತಪುರದ ಪಕ್ಕದ ಪಾಠಶಾಲೆ

ಉಷ್ಣವಲಯದ ಮನೆಗಳ ಬಗ್ಗೆ ಜಗತ್ತು ಓದುವ ಪಾಠದ ಒಂದು ಭಾಗ ರೂಪುಗೊಂಡದ್ದು ನಮ್ಮಲ್ಲಿಯೇ ಎಂಬುದು ಸಂತೋಷದ ವಿಷಯ. ಜರ್ಮನಿಯ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಹಿಟ್ಲರನ ಆಡಳಿತದಿಂದಾಗಿ ದೇಶ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರ್ಕಾರಿ ವಾಸ್ತುಶಿಲ್ಪಿಯಾದರು. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ರಚನೆ. ಮುಂದೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿದ್ದು, ಆ ಬಳಿಕ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗವನ್ನು ಮುನ್ನಡೆಸಿದರು. 1970ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಅವರು ಬರೆದ ಕೈಪಿಡಿ ಅನೇಕ ದೇಶಗಳಲ್ಲಿ ಪಠ್ಯವಾಯಿತು. ಊರಿನ ಬಿಸಿಲು, ಗಾಳಿ, ಮಳೆಗಳನ್ನು ಮೊದಲು ಅಳೆದು ಆಮೇಲೆ ನಕ್ಷೆ ಬರೆಯುವುದು ಆ ವಿದ್ಯೆಯ ಸಾರ.

ಅದೇ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರ ಆರಂಭವಾಯಿತು. ಅಸ್ತ್ರ ಒಲೆಯನ್ನು ನಮ್ಮಲ್ಲಿ ಹಲವರು ಬಲ್ಲರು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿ ಅಭಿವೃದ್ಧಿಪಡಿಸಿದ ಒತ್ತುಮಣ್ಣಿನ ಇಟ್ಟಿಗೆಯೂ ಅಷ್ಟೇ ಮುಖ್ಯ. ಮಣ್ಣಿಗೆ ಮರಳು ಅಥವಾ ಕ್ವಾರಿ ಪುಡಿ ಹದವಾಗಿ ಸೇರಿಸಿ, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ತೇವದಲ್ಲಿಟ್ಟರೆ ಇಟ್ಟಿಗೆ ಸಿದ್ಧ. ಸುಡಲು ಸೌದೆ ಬೇಡ. ಪಾಯ ಮತ್ತು ಸಂಪು ತೋಡಿದ ಕೆಂಪು ಮಣ್ಣು ಲಾರಿಯಲ್ಲಿ ಹೊರಗೆ ಹೋಗುವ ಬದಲು ಗೋಡೆಯಾಗಿ ನಿಲ್ಲುತ್ತದೆ. ವಿದ್ಯಾರಣ್ಯಪುರದಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮತ್ತು ಜಲತಜ್ಞ ಎಸ್. ವಿಶ್ವನಾಥ್ ದಂಪತಿಗಳು ಇಂಥ ಮಣ್ಣಿನ ಇಟ್ಟಿಗೆಯಲ್ಲೇ ತಮ್ಮ ಮನೆ ಕಟ್ಟಿಕೊಂಡಿದ್ದಾರೆ. ತಾರಸಿಯ ಮೇಲೆ ಭತ್ತ ಬೆಳೆದ ಮನೆಯೆಂದು ಅದು ಹೆಸರಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಣ್ಣಿನ ಗೋಡೆಗೆ ತಲೆಯ ಮೇಲೆ ಅಗಲವಾದ ಸೂರು, ಕಾಲಡಿಯಲ್ಲಿ ಎತ್ತರದ ಕಲ್ಲಿನ ಪಾಯ ಎರಡೂ ಬೇಕು. ಎಲ್ಲ ಮಣ್ಣೂ ಇಟ್ಟಿಗೆಗೆ ಆಗುವುದಿಲ್ಲ. ಮಣ್ಣನ್ನು ಪರೀಕ್ಷೆ ಮಾಡಿಸದೆ ಕೆಲಸ ಆರಂಭಿಸಬಾರದು.

ತಲೆಯ ಮೇಲಿನ ಕಣ

ಬೇಸಿಗೆಯ ಮಧ್ಯಾಹ್ನ ಕಾಫಿ ಕಣದ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವುದು ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಬೆಂಗಳೂರಿನ ಆರ್‌ಸಿಸಿ ತಾರಸಿಯೆಂದರೆ ಆ ಕಣವನ್ನೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡಂತೆ. ಹಗಲೆಲ್ಲ ಕುಡಿದ ಶಾಖವನ್ನು ಅದು ರಾತ್ರಿ ಮಲಗುವ ಹೊತ್ತಿಗೆ ಒಳಕ್ಕೆ ಬಿಡುತ್ತದೆ. ತಂಪು ಊರೆಂದು ಹೆಸರಾದ ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು ಎಂಬುದನ್ನು ನೆನಪಿಡಬೇಕು.

ಪರಿಹಾರಗಳು ಸುಲಭ. ತಾರಸಿಗೆ ಬಿಳಿಯ ಬಣ್ಣ ಅಥವಾ ಸುಣ್ಣ ಎಲ್ಲಕ್ಕಿಂತ ಅಗ್ಗ. ವರ್ಷಕ್ಕೊಮ್ಮೆ ಬಳಿಯುವ ಶಿಸ್ತು ಮಾತ್ರ ಬೇಕು. ತಾರಸಿಯ ಮೇಲೆ ಕೆಲವು ಅಡಿ ಅಂತರ ಬಿಟ್ಟು ಹೆಂಚಿನ ಅಥವಾ ಶೀಟಿನ ಮಾಡು ಹಾಕಿದರೆ ಬಿಸಿಲು, ಮಳೆ ಎರಡೂ ಚಪ್ಪಡಿಗೆ ತಾಗುವುದಿಲ್ಲ. ಇದಕ್ಕೆ ಅನುಮತಿಯ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹೊಸದಾಗಿ ಮೋಲ್ಡ್ ಹಾಕುವವರಿಗೆ ಲಾರಿ ಬೇಕರ್ ಪ್ರಚುರಪಡಿಸಿದ ಹೆಂಚು ತುಂಬಿದ ಚಪ್ಪಡಿಯೂ ಇದೆ. ಚಪ್ಪಡಿಯ ಕೆಳಭಾಗದಲ್ಲಿ ಭಾರ ಎಳೆಯುವ ಕೆಲಸ ಕಬ್ಬಿಣದ್ದು. ಅಲ್ಲಿನ ಕಾಂಕ್ರೀಟು ಬಹಳ ಮಟ್ಟಿಗೆ ನಿರುಪಯೋಗಿ. ಆ ಜಾಗದಲ್ಲಿ ಮಂಗಳೂರು ಹೆಂಚನ್ನು ಕೂರಿಸಿದರೆ ಕಾಂಕ್ರೀಟು ಉಳಿಯುತ್ತದೆ, ಶಾಖವೂ ತಗ್ಗುತ್ತದೆ. ಆದರೆ ಲೆಕ್ಕ ಬಲ್ಲ ಇಂಜಿನಿಯರರ ಮೇಲ್ವಿಚಾರಣೆ ಇಲ್ಲದೆ ಇದಕ್ಕೆ ಕೈ ಹಾಕಬಾರದು.

ನೀರಿನ ದಾರಿ ಬಿಟ್ಟು ಕಟ್ಟಿರಿ

ಬಸಿಗಾಲುವೆ ಮುಚ್ಚಿದ ಅಡಿಕೆ ತೋಟದ ಗತಿ ಏನೆಂದು ಹೇಳಬೇಕಾಗಿಲ್ಲ. ಉತ್ತರ ಬೆಂಗಳೂರಿನ ಕೆರೆಗಳೂ ಒಂದರ ಕೆಳಗೊಂದು ಕಟ್ಟಿದ ಸರಣಿ. ಯಲಹಂಕ ಕೆರೆ ತುಂಬಿದರೆ ಜಕ್ಕೂರಿಗೆ, ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ ನೀರು ಹರಿಯಬೇಕು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಅಲ್ಲಿ ಮತ್ತೆ ಅದೇ ಆಯಿತು. ನೀರಿಗೆ ತನ್ನ ಹಳೆಯ ದಾರಿ ಮರೆಯುವುದಿಲ್ಲ.

ಆದುದರಿಂದ ನಿವೇಶನ ಕೊಳ್ಳುವ ಮುನ್ನ ಕಾಗದಪತ್ರದ ಜೊತೆಗೆ ಗ್ರಾಮ ನಕ್ಷೆಯನ್ನೂ ತೆಗೆಸಿ ಕೆರೆ, ಹಳ್ಳ, ರಾಜಕಾಲುವೆ ಎಲ್ಲಿವೆಯೆಂದು ನೋಡಬೇಕು. ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಹೋಗಿ ನಿವೇಶನವನ್ನು ಕಣ್ಣಾರೆ ಕಾಣಬೇಕು. ಪಕ್ಕದ ಹಳೆಯ ಹಳ್ಳಿಯ ಹಿರಿಯರನ್ನು ಮಾತಾಡಿಸಬೇಕು. ಗುಂಡಿ ತೋಡಿದಾಗ ಕೆಂಪು ಗಟ್ಟಿ ನೆಲ ಸಿಕ್ಕರೆ ಒಳ್ಳೆಯದು. ಕಪ್ಪು ಜೇಡಿ, ಹೂಳು, ಹಳೆಯ ಕಟ್ಟಡದ ಕಸ ಸಿಕ್ಕರೆ ಇಂಜಿನಿಯರರನ್ನು ಕೇಳದೆ ಮುಂದುವರಿಯಬಾರದು. ಬೆಂಗಳೂರಿನಲ್ಲಿ ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಎತ್ತರವಾಗುತ್ತದೆ. ಈಗ ರಸ್ತೆಗಿಂತ ಎರಡು ಅಡಿಯಾದರೂ ಮೇಲಿರುವಂತೆ ಪಾಯ ಏರಿಸಿದರೆ ಮಾತ್ರ ಹತ್ತು ವರ್ಷದ ಮೇಲೂ ಮಳೆನೀರು ಹೊಸಿಲು ದಾಟದು.

ಮಳೆಯ ಲೆಕ್ಕ

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ ಬೆಂಗಳೂರಿನಲ್ಲಿ ಸುಮಾರು 970 ಮಿ.ಮೀ. ಮಾತ್ರ. ಆದರೂ ಅದು ಅಲ್ಪವಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಅಡಿ ನಿವೇಶನದ ಮನೆಗೆ 75 ಚದರ ಮೀಟರ್ ತಾರಸಿ ಎಂದಿಟ್ಟುಕೊಳ್ಳಿ. ಬಿದ್ದುದರಲ್ಲಿ ನೂರಕ್ಕೆ 80 ಪಾಲು ಹಿಡಿದರೂ ವರ್ಷಕ್ಕೆ ಸುಮಾರು 58,000 ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಸಂಸಾರಕ್ಕೆ ಇದು ಮೂರೂವರೆ ತಿಂಗಳ ನೀರು. ಮಳೆ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಬಿಡುವು ಕೊಟ್ಟು ಬರುವುದರಿಂದ 10,000 ಲೀಟರಿನ ಸಂಪು ಹಲವು ಸಲ ತುಂಬಿ ಬರಿದಾಗುತ್ತದೆ. ಹೆಚ್ಚಾದದ್ದು ಇಂಗುಗುಂಡಿಗೆ ಹೋಗಲಿ.

2009ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಬೆಂಗಳೂರಿನ ಇಂಥ ಅಳತೆಯ ಹೊಸ ಮನೆಗಳಿಗೆ ಮಳೆಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಕಾನೂನಿಗಾಗಿ ಒಂದು ಕೊಳವೆ ತೋರಿಸಿ ಸುಮ್ಮನಾದವರು ಹಲವರು. ಮಳೆನೀರು ತಜ್ಞ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯನ್ನು 1990ರ ದಶಕದಿಂದಲೂ ಮಳೆನೀರಿನಿಂದಲೇ ನಡೆಸಿ ತೋರಿಸಿದ್ದಾರೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತಾಗ ಈ ಮಾತಿನ ಬೆಲೆ ನಗರಕ್ಕೆ ತಿಳಿಯಿತು. ಆ ಮಾರ್ಚಿನಲ್ಲಿ ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿದೆ ನಿಜ. ಆದರೆ ನಲ್ಲಿಯೊಂದನ್ನೇ ನಂಬಿ ಕೂರುವುದು ಬೆಳೆಗಾರನ ಸ್ವಭಾವವಲ್ಲ.

ಗಾಳಿಗೂ ದಾರಿ ಬೇಕು

ಬೆಂಗಳೂರಿನ ರಾತ್ರಿ ತಂಪು. ಹಗಲು ಕಾದ ಗೋಡೆಯನ್ನು ಆ ತಂಪು ಗಾಳಿಯಿಂದ ತಣಿಸಿಕೊಂಡರೆ ಮರುದಿನ ಮಧ್ಯಾಹ್ನದವರೆಗೆ ಮನೆ ಹಿತವಾಗಿರುತ್ತದೆ. ಅದಕ್ಕೆ ಕೆಳಗೆ ಸೊಳ್ಳೆ ಜಾಲರಿಯ ಕಿಟಕಿ, ಮೇಲೆ ಸೂರಿನ ಹತ್ತಿರ ಬಿಸಿಗಾಳಿ ಹೊರಹೋಗುವ ಗವಾಕ್ಷಿ ಇರಬೇಕು. ಅಕ್ಕಪಕ್ಕ ಇಂದು ಖಾಲಿಯಿದ್ದರೂ ನಾಳೆ ಮೂರು ಮಹಡಿ ಏಳುತ್ತದೆ. ಆಗ ಬದಿಯ ಕಿಟಕಿಗಳಿಗೆ ಗಾಳಿ ಸಾಲದು. ಮನೆಯ ನಡುವೆ ನಾಲ್ಕಡಿ ಚದರದ ಒಂದು ತೆರಪು ಬಿಟ್ಟು, ಮೇಲೆ ಗಾಜು ಮುಚ್ಚಿ, ಸುತ್ತ ಜಾಲಿ ಇಟ್ಟರೆ ನಮ್ಮ ಹಳೆಯ ತೊಟ್ಟಿಮನೆಯ ಗುಣ ಚಿಕ್ಕ ನಿವೇಶನಕ್ಕೂ ಬರುತ್ತದೆ.

ಕೆಲಸದ ಕಾಲ ಮತ್ತು ಕಣ್ಗಾವಲು

ಬೆಂಗಳೂರಿನಲ್ಲಿ ಪಾಯ ತೋಡಲು ಮಳೆ ಮುಗಿದ ಡಿಸೆಂಬರ್ ಒಳ್ಳೆಯ ಕಾಲ. ದುರದೃಷ್ಟಕ್ಕೆ ನಮ್ಮಲ್ಲಿ ಕೊಯ್ಲಿನ ಕಾಲವೂ ಅದೇ. ದಿನವೂ ಹೋಗಲಾಗದಿದ್ದರೂ ಮೂರು ದಿನ ಮಾತ್ರ ಮನೆಯವರೊಬ್ಬರು ಸ್ಥಳದಲ್ಲಿರಲೇಬೇಕು: ಪಾಯದ ತಳಕ್ಕೆ ಕಾಂಕ್ರೀಟು ಹಾಕುವ ದಿನ, ಮೋಲ್ಡ್ ಹಾಕುವ ದಿನ, ತಾರಸಿಯ ನೀರಿನ ಪರೀಕ್ಷೆಯ ದಿನ. ತಾರಸಿಗೆ ಬದು ಕಟ್ಟಿ ಎರಡು ದಿನ ನೀರು ನಿಲ್ಲಿಸಿ, ಕೆಳಗೆ ತೇವ ಕಾಣದಿದ್ದರೆ ಮಾತ್ರ ಆ ಬಾಬ್ತಿನ ಕೊನೆಯ ಕಂತು ಕೊಡತಕ್ಕದ್ದು.

ಹಣದ ಕ್ರಮವೂ ಮುಖ್ಯ. ಮೊದಲು ಪಾಯ, ಆಮೇಲೆ ಸೂರು, ನೆರಳು, ನೀರು ಹರಿಯುವ ವ್ಯವಸ್ಥೆ. ನುಣುಪು ನೆಲ, ಮುಂಬಾಗಿಲ ಕೆತ್ತನೆ, ಬೀದಿಗೆ ಕಾಣುವ ಅಲಂಕಾರ ಕೊನೆಗೆ. ನೆಲವನ್ನು ಮುಂದಿನ ಬೆಳೆಯ ಹಣದಲ್ಲಿ ಬದಲಾಯಿಸಬಹುದು, ಪಾಯವನ್ನು ಬದಲಾಯಿಸಲಾಗದು.

ಇನ್ನೊಂದು ಮಾತು. ಯಲಹಂಕದಲ್ಲಿ ಮಗ ಕಟ್ಟಿದ ಮನೆಯ ನಕ್ಷೆಯನ್ನೇ ಊರಿಗೆ ತಂದು ತೋಟದಲ್ಲಿ ಚಪ್ಪಟೆ ತಾರಸಿ ಹಾಕಿಸುವ ಆಸೆ ಕೆಲವರಲ್ಲಿದೆ. 970 ಮಿ.ಮೀ. ಮಳೆಗೆ ಬರೆದ ನಕ್ಷೆ 3,500 ಮಿ.ಮೀ. ಮಳೆಯನ್ನು ತಾಳುವುದಿಲ್ಲ. ಮಲೆನಾಡಿಗೆ ಇಳಿಜಾರು ಮಾಡು, ಮೂರು ನಾಲ್ಕು ಅಡಿ ಚಾಚಿದ ಸೂರು, ಸುತ್ತ ಜಗಲಿ ಇವನ್ನು ಹಿರಿಯರು ಸುಮ್ಮನೆ ಇಟ್ಟವರಲ್ಲ. ರೊಬಸ್ಟಾ ಗಿಡಕ್ಕೆ ಒಪ್ಪುವ ನೆರಳು ಅರೇಬಿಕಾಕ್ಕೆ ಒಪ್ಪದೆಂದು ಬಲ್ಲ ನಾವು, ಒಂದೂರಿನ ಮನೆ ಇನ್ನೊಂದೂರಿಗೆ ಒಪ್ಪದೆಂಬುದನ್ನೂ ಬಲ್ಲೆವು.

ಮನೆ ಕಟ್ಟಿಸಹೊರಟ ಸದಸ್ಯ ಬಾಂಧವರು ನಕ್ಷೆಗೆ ಒಪ್ಪಿಗೆ ಹಾಕುವ ಮುನ್ನ ಇಂಜಿನಿಯರರಿಗೆ ನಾಲ್ಕು ಪ್ರಶ್ನೆ ಕೇಳಲಿ. ಸಂಜೆಯ ಬಿಸಿಲು ಯಾವ ಕೋಣೆಗೆ ಬೀಳುತ್ತದೆ? ತಾರಸಿಯ ಶಾಖಕ್ಕೆ ಏನು ಉಪಾಯ ಮಾಡಿದ್ದೀರಿ? ಜೋರು ಮಳೆಯ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಕರೆಂಟು ಹೋದ ರಾತ್ರಿ ಗಾಳಿ ಹೇಗೆ ಬರುತ್ತದೆ? ನಾಲ್ಕಕ್ಕೂ ನೇರ ಉತ್ತರ ಬಂದ ಮೇಲೆ ಪಾಯದ ಪೂಜೆಗೆ ದಿನ ನೋಡಿಸಬಹುದು.