ಗಾಳಿಯ ಹರಿವು: ಜಿಂಕೆಯ ಬೇಟೆಯ ಬಗೆಗಿನ ತಪ್ಪು ಕಲ್ಪನೆಗಳು ಮತ್ತು ಸತ್ಯ

ಅಮೆರಿಕದ ಪೂರ್ವಭಾಗದಲ್ಲಿರುವ ಪೆನ್ಸಿಲ್ವೇನಿಯಾದ ಗುಡ್ಡಗಾಡುಗಳಲ್ಲಿ, ಮರದೆಲೆಗಳು ಕೆಂಪೇರಿ ಉದುರತೊಡಗುವ ಶರತ್ಕಾಲದಲ್ಲಿ, ಬಿಳಿಬಾಲದ ಜಿಂಕೆಯನ್ನು ಅರಸಿ ಬಿಲ್ಲುಬಾಣಗಳೊಡನೆ ಕಾಡನ್ನು ಹೊಗುವ ಬೇಟೆಗಾರನಿಗೆ, ಮಿಗವು 20–30 ಗಜಗಳಷ್ಟು ಸಮೀಪಕ್ಕೆ ತಾನಾಗಿಯೇ ಬರುವವರೆಗೂ ಅಡಗಿ ಕಾದಿರುವುದು ಅನಿವಾರ್ಯವಾದುದರಿಂದ, ಅವನ ಜಯಾಪಜಯಗಳು ಕೈಯ ಗುರಿಗಿಂತಲೂ ಮಿಗಿಲಾಗಿ ಅವನ ಮೈವಾಸನೆಯನ್ನು ಹೊತ್ತೊಯ್ಯುವ ಗಾಳಿಯನ್ನೇ ಅವಲಂಬಿಸಿರುತ್ತವೆ. ತೋಳವೂ ಪೂಮಾ ಎಂಬ ದೊಡ್ಡ ಬೆಕ್ಕೂ ಆ ಸೀಮೆಯಿಂದ ಕಣ್ಮರೆಯಾಗಿರುವ ಈ ಕಾಲದಲ್ಲಿ, ಎಳೆಯ ಸಸಿಗಳನ್ನೆಲ್ಲ ಮೇದು ಕಾಡನ್ನೇ ಬಡವಾಗಿಸಬಲ್ಲ ಜಿಂಕೆಗಳ ಸಂಖ್ಯೆಯನ್ನು ಮಿತಿಯಲ್ಲಿಡುವ ಹೊಣೆಯು, ಬಹುಮಟ್ಟಿಗೆ, ಪರವಾನಗಿಯ ಕಟ್ಟುಪಾಡಿಗೊಳಪಟ್ಟ ಬೇಟೆಯ ಮೇಲೆಯೇ ಬಿದ್ದಿದೆ. ಆದರೂ ಗಾಳಿಯನ್ನು ಕುರಿತು ಬೇಟೆಗಾರರ ನಡುವೆ ಬಾಯಿಂದ ಬಾಯಿಗೆ ಹರಿದುಬಂದಿರುವ ಮಾತುಗಳಲ್ಲಿ ಅರೆಸತ್ಯಗಳೇ ಹೆಚ್ಚು. ಗಾಳಿಯು ನೀರಿನಂತೆ ಹರಿಯುವ, ಸುಳಿಯುವ, ತಗ್ಗಿನಲ್ಲಿ ತಂಗುವ ವಸ್ತುವೆಂಬುದನ್ನು ಮರೆತು ಅದನ್ನು ಬರಿಯ ದಿಕ್ಕೆಂದು ಎಣಿಸಿರುವುದೇ ಆ ತಪ್ಪುಗಳ ತಾಯಿಬೇರು.

ತಪ್ಪು ಕಲ್ಪನೆ 1: ಗಾಳಿಯ ದಿಕ್ಕನ್ನರಿತು ಅದಕ್ಕೆದುರಾಗಿ ಕುಳಿತರೆ ಸಾಕು.

ಸತ್ಯ: ಹವಾಮಾನದ ವರದಿಯು ಪಡುವಣ ಗಾಳಿಯೆಂದು ಸಾರಿದ ದಿನವೂ, ಆ ಗಾಳಿ ಬಲವಾಗಿಲ್ಲದಿದ್ದರೆ, ಬೆಟ್ಟದ ಮಗ್ಗುಲು ತನ್ನದೇ ಆದ ನಿಯಮವನ್ನು ಪಾಲಿಸುತ್ತದೆ. ಬೆಳಗಿನ ಬಿಸಿಲಿಗೆ ಇಳಿಜಾರು ಕಾದೊಡನೆ ಅದಕ್ಕೆ ತಾಗಿದ ಗಾಳಿಯು ಹಗುರಾಗಿ ಮೇಲಕ್ಕೇರುವುದು. ಸೂರ್ಯನು ಮರೆಯಾಗಿ ನೆಲ ತಣಿದೊಡನೆ ಅದೇ ಗಾಳಿಯು ಭಾರವಾಗಿ, ಮಳೆನೀರು ಹಿಡಿಯುವ ದಾರಿಯನ್ನೇ ಹಿಡಿದು ಕಣಿವೆಗಿಳಿಯುವುದು. ಬೀಸುಗಾಳಿಯು ಬೆಟ್ಟದ ನೆತ್ತಿಯನ್ನು ದಾಟುವೆಡೆಯಲ್ಲಂತೂ, ಬಂಡೆಯನ್ನು ಬಳಸಿದ ಹೊಳೆಯ ನೀರಿನಂತೆ, ಆಚೆಯ ಮಗ್ಗುಲಲ್ಲಿ ಸುಳಿಗಟ್ಟಿ ಹಿಂದಿರುಗುವುದೂ ಉಂಟು. ಆದಕಾರಣ ಬಲ್ಲ ಬೇಟೆಗಾರರು ಮಿಲ್ಕ್‌ವೀಡ್ ಗಿಡದ ಒಣಗಿದ ಕಾಯೊಂದನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ನಮ್ಮ ಎಕ್ಕದ ಬಂಧುವಾದ ಆ ಗಿಡದ ಕಾಯೊಳಗೂ ಬೀಜಕ್ಕಂಟಿದ ರೇಷ್ಮೆಯಂಥ ಅರಳೆಯಿರುತ್ತದೆ. ಬೆರಳ ತುದಿಯಿಂದ ಒಂದೆಳೆಯನ್ನು ಬಿಟ್ಟುನೋಡಿದರೆ, ಅದು ಹತ್ತು ಮಾರು ನೇರವಾಗಿ ತೇಲಿ, ಹಳ್ಳದ ಅಂಚಿನಲ್ಲಿ ತಡೆದು ನಿಂತು, ಬಳಿಕ ಯಾರೂ ನೆನೆಯದ ಎಡೆಗೆ ತಿರುಗಿಬಿಡುವುದನ್ನು ಕಣ್ಣಾರೆ ಕಾಣಬಹುದು. ಕೆನ್ನೆಗೆ ತಾಗಿದ ಗಾಳಿಯು ನಿಂತ ನೆಲೆಯೊಂದರ ಸುದ್ದಿಯನ್ನು ಹೇಳಿದರೆ, ಆ ಎಳೆಯು ದಾರಿಯುದ್ದದ ಸುದ್ದಿಯನ್ನು ಹೇಳುತ್ತದೆ.

ತಪ್ಪು ಕಲ್ಪನೆ 2: ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತವನ ವಾಸನೆಯು ಜಿಂಕೆಯ ತಲೆಯ ಮೇಲೆಯೇ ಹಾಯ್ದುಹೋಗುತ್ತದೆ.

ಸತ್ಯ: ಗಾಳಿಯು ಮೇಲೇರುತ್ತಿರುವಷ್ಟು ಹೊತ್ತು ಈ ಮಾತು ಕೆಲಮಟ್ಟಿಗೆ ನಿಜವಾದರೂ, ಸಂಜೆಯ ತಂಪು ಇಳಿಯತೊಡಗಿದಾಗ, ಅಂದರೆ ಜಿಂಕೆಗಳು ಮೇವಿಗೆ ಹೊರಡುವ ಹೊತ್ತಿನಲ್ಲಿಯೇ, ಅಟ್ಟಣೆಯ ವಾಸನೆಯೂ ಗಾಳಿಯೊಡನೆ ನೆಲಕ್ಕಿಳಿದು ತಗ್ಗುಗಳಲ್ಲಿ ಹರಡಿಕೊಳ್ಳುತ್ತದೆ. ಬೆಳಗಿಗೆ ಒಂದು ಮರ, ಸಂಜೆಗೆ ಇನ್ನೊಂದು ಮರವೆಂದು ನಿಶ್ಚಯಿಸಿಕೊಳ್ಳುವುದು ಈ ಕಾರಣದಿಂದಲೇ.

ತಪ್ಪು ಕಲ್ಪನೆ 3: ಜಿಂಕೆಯು ಯಾವಾಗಲೂ ಗಾಳಿಗೆ ಮೂಗೊಡ್ಡಿಯೇ ನಡೆಯುತ್ತದೆ.

ಸತ್ಯ: ಹಾಗೆ ನಡೆಯುವುದೇ ಅದರ ನೇಮವಾಗಿದ್ದರೆ, ಪಡುವಣ ಗಾಳಿಯೇ ಹೆಚ್ಚಾಗಿರುವ ನಾಡಿನ ಜಿಂಕೆಗಳೆಲ್ಲವೂ ಪಡುವಣಕ್ಕೆ ನಡೆನಡೆದು ತಮ್ಮ ನೆಲೆಯನ್ನೇ ಕಳೆದುಕೊಳ್ಳಬೇಕಾಗಿತ್ತು. ಮೇವು, ನೀರು, ಮರೆ ಇವು ಕರೆದ ಕಡೆಗೆ ಅದು ಅಡ್ಡಗಾಳಿಯಲ್ಲಿಯೂ ಬೆನ್ನಗಾಳಿಯಲ್ಲಿಯೂ ನಡೆಯುತ್ತದೆ. ಅನುಭವಿಗಳು ಕಂಡಂತೆ, ಬಲಿತ ಗಂಡುಜಿಂಕೆಯು ಹಲವೊಮ್ಮೆ ಗುಡ್ಡದ ನೆತ್ತಿಗೆ ತುಸು ಕೆಳಗೆ, ಗಾಳಿಯ ಮರೆಯ ಮಗ್ಗುಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಲಗುತ್ತದೆ: ಬೆನ್ನ ಹಿಂದಿನ ಅಪಾಯವನ್ನು ಮೂಗು ಕಾಯುವುದು, ಮುಂದಣ ಇಳಿಜಾರನ್ನು ಕಣ್ಣು ಕಾಯುವುದು. ಆದುದರಿಂದ ನುರಿತ ಬೇಟೆಗಾರನು ಜಿಂಕೆಯ ಹಾದಿಗೆ ಗಾಳಿಯು ಅಡ್ಡಲಾಗಿ ಬೀಸುವ ಠಾವನ್ನು ಆರಿಸಿಕೊಂಡು, ಜಿಂಕೆಗೆ ಗಾಳಿಯು ತನಗನುಕೂಲವೆಂದೇ ತೋರುತ್ತಿರುವಾಗಲೂ ತನ್ನ ವಾಸನೆಯು ಅದರ ಪಕ್ಕದಲ್ಲಿ ಸ್ವಲ್ಪವೇ ಅಂತರದಿಂದ ಹಾಯ್ದುಹೋಗುವಂತೆ ನೋಡಿಕೊಳ್ಳುತ್ತಾನೆ.

ತಪ್ಪು ಕಲ್ಪನೆ 4: ಗಾಳಿ ಜೋರಾದ ದಿನ ಜಿಂಕೆಗಳು ಅಲುಗಾಡುವುದಿಲ್ಲ, ಮನೆಯಲ್ಲಿರುವುದೇ ಲೇಸು.

ಸತ್ಯ: ಪೆನ್ಸಿಲ್ವೇನಿಯಾದ ಸಂಶೋಧಕರು ಜಿಂಕೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಅವುಗಳ ನಡೆಯನ್ನು ಅಳೆದು ನೋಡಿದಾಗ, ಗಾಳಿಯ ದಿನಗಳಲ್ಲಿ ಅವು ಹಗಲಿನಲ್ಲಿ ಹೆಚ್ಚಾಗಿಯೇ ಓಡಾಡಿದ್ದುದು ಕಂಡುಬಂದಿತು. ಎಲೆಗಳ ಮರ್ಮರದಲ್ಲಿ ಬೇಟೆಗಾರನ ಹೆಜ್ಜೆಯ ಸದ್ದು ಅಡಗುವುದೂ, ಒಂದೇ ಸಮನೆ ಬೀಸುವ ಗಾಳಿಯು ಗೊತ್ತಾದ ದಾರಿಯಲ್ಲಿ ಹರಿಯುವುದೂ ಇಂಥ ದಿನದ ಲಾಭಗಳು. ತಡೆತಡೆದು ದಿಕ್ಕು ಬದಲಿಸುವ ಮಂದ ಮಾರುತವೇ ಹೆಚ್ಚು ಮೋಸಗೊಳಿಸುತ್ತದೆ.

ತಪ್ಪು ಕಲ್ಪನೆ 5: ವಾಸನೆ ಕಳೆಯುವ ಸಾಬೂನು, ಇದ್ದಿಲ ಪದರದ ಉಡುಪು ಇವುಗಳಿದ್ದರೆ ಗಾಳಿಯ ಚಿಂತೆಯಿಲ್ಲ.

ಸತ್ಯ: ಮನುಷ್ಯನ ಚರ್ಮದಿಂದ ಸೂಕ್ಷ್ಮ ಹುರುಪೆಗಳು ಸದಾ ಉದುರುತ್ತಿರುತ್ತವೆ, ಬೆವರನ್ನುಂಡು ವಾಸನೆಯನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳು ಸ್ನಾನವಾದ ಕೆಲಹೊತ್ತಿಗೇ ಮತ್ತೆ ಕಾರ್ಯೋನ್ಮುಖವಾಗುತ್ತವೆ, ಉಸಿರನ್ನಂತೂ ತಡೆಹಿಡಿದು ಕೂರಲಾಗದು. ಶುಚಿತ್ವವು ವಾಸನೆಯನ್ನು ತಗ್ಗಿಸಬಹುದೇ ಹೊರತು ಇಲ್ಲವಾಗಿಸದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಈಗ ಜಿಂಕೆಯ ಬೇಟೆಗೆ ಎಡೆಯಿಲ್ಲ, ಎಡೆಯಿಲ್ಲದಿರುವುದೇ ಒಳಿತು. ಆದರೆ ಗಾಳಿಯನ್ನರಿಯಲು ಬಿಲ್ಲಾಗಲಿ ಕೋವಿಯಾಗಲಿ ಬೇಕಿಲ್ಲ. ಬೇಸಗೆಯ ಸಂಜೆಯಲ್ಲಿ ಬಯಲುಸೀಮೆಯ ಯಾವುದಾದರೊಂದು ಗುಡ್ಡದ ಮಗ್ಗುಲಲ್ಲಿ ನಿಂತು, ಬಾಯೊಡೆದ ಎಕ್ಕದ ಕಾಯಿಯ ಅರಳೆಯನ್ನು ಎಳೆಯೆಳೆಯಾಗಿ ತೇಲಿಬಿಟ್ಟು ನೋಡಿ. ಬಿಸಿಲಿರುವಾಗ ನೆತ್ತಿಯ ಕಡೆಗೆ ಏರುತ್ತಿದ್ದುದು, ಹೊತ್ತು ಮುಳುಗಿ ಗಾಳಿ ತಣ್ಣಗಾದ ಮೇಲೆ ಮೊಣಕಾಲನ್ನು ಸವರಿಕೊಂಡು ಕಣಿವೆಯತ್ತ ಇಳಿಯುವುದು. ಆ ಕಣಿವೆಯಲ್ಲಿ ಮೇಯುತ್ತಿರುವ ಮಿಗಕ್ಕೆ ನಮ್ಮ ಬರವು ಆಗಲೇ ತಿಳಿದುಹೋಗಿರುತ್ತದೆ.