ಟೈಪ್ 1 ಡಯಾಬಿಟಿಸ್: ಶುಗರ್ ಏರಿಳಿಯೋದು ಶಿಸ್ತಿಲ್ಲದ್ದಕ್ಕಾ?

'ಇಷ್ಟು ಸಣ್ಣಗಿದ್ದೀಯ, ನಿಂಗೆ ಶುಗರ್ರಾ?' ಅನ್ನೋ ಪ್ರಶ್ನೆಗೆ 17 ವರ್ಷದಿಂದ ಉತ್ತರ ಕೊಡ್ತಾ ಇದ್ದೇನೆ. ಎರಡನೇ ಪಿಯುಸಿಯಲ್ಲಿದ್ದಾಗ ನನಗೆ ಟೈಪ್ 1 ಡಯಾಬಿಟಿಸ್ ಇರೋದು ಗೊತ್ತಾಯಿತು. ಪ್ರಶ್ನೆ ಕೇಳೋರ ಮೇಲೆ ಸಿಟ್ಟೇನಿಲ್ಲ. ನಮ್ಮಲ್ಲಿ ಶುಗರ್ ಅಂದರೆ ಐವತ್ತು ದಾಟಿದ ದೊಡ್ಡಪ್ಪ, ಪಾರ್ಕಿನಲ್ಲಿ ವಾಕಿಂಗು, ಸಕ್ಕರೆ ಹಾಕದ ಕಾಫಿ. ಕಿರಿಕಿರಿ ಆಗೋದು ಅದರ ಹಿಂದೆಯೇ ಬರುವ ಉಪದೇಶಕ್ಕೆ: 'ಸ್ವಲ್ಪ ಬಾಯಿ ಕಟ್ಟು, ಎಲ್ಲಾ ಕಂಟ್ರೋಲಿಗೆ ಬರುತ್ತೆ.' ಶುಗರ್ ಹೆಚ್ಚಾದರೆ ತಿಂದಿದ್ದು ತಪ್ಪು, ಕಮ್ಮಿಯಾದರೆ ತಿನ್ನದೇ ಇದ್ದದ್ದು ತಪ್ಪು. ಯಾವ ಕಡೆ ಹೋದರೂ ತಪ್ಪು ಮಾತ್ರ ರೋಗಿಯದ್ದೇ. ಈ ಲೆಕ್ಕ ಯಾಕೆ ಸುಳ್ಳು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಬರೀ ನೆಂಟರ ಮನೆಯ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಸರ್ಕಾರವೂ ಹೆಚ್ಚೂಕಮ್ಮಿ ಹೀಗೇ ಯೋಚಿಸುತ್ತದೆ.

ಮೊದಲು ಕಾಯಿಲೆ ಏನು ಅಂತ. ಟೈಪ್ 2ರಲ್ಲಿ ದೇಹ ಇನ್ಸುಲಿನ್ ತಯಾರಿಸುತ್ತದೆ, ಆದರೆ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಟೈಪ್ 1 ಬೇರೆ. ಇಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಮೇಲೆ ದಾಳಿ ಮಾಡಿ ಅವನ್ನು ನಾಶ ಮಾಡುತ್ತದೆ. ಜಾಸ್ತಿ ಸಿಹಿ ತಿಂದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ಇಲ್ಲದಿದ್ದರೆ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ, ಜೀವಕೋಶಗಳು ಹಸಿದು ಕೂರುತ್ತವೆ. ಆಗ ದೇಹ ಕೊಬ್ಬನ್ನು ಸುಡಲು ಶುರು ಮಾಡುತ್ತದೆ, ಕೀಟೋನ್‌ಗಳು ತುಂಬಿಕೊಂಡು ರಕ್ತ ಆಮ್ಲವಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆ ಅಂದರೆ ಸಾವು ಅಂತಲೇ ಅರ್ಥವಿತ್ತು. ಹಾಗಾಗಿ ಹಾಗಲಕಾಯಿ ಜ್ಯೂಸ್, ಕಷಾಯ, ಯೋಗ ಯಾವುದೂ ಇನ್ಸುಲಿನ್‌ಗೆ ಬದಲಿಯಲ್ಲ. 'ಇಂಜೆಕ್ಷನ್ ಬಿಡಿಸ್ತೀವಿ' ಅನ್ನೋರ ಹತ್ತಿರ ಮಗುವನ್ನು ಕರೆದುಕೊಂಡು ಹೋಗುವುದು ಪ್ರಾಣದ ಜೊತೆ ಆಟ.

ಸರಿ, ಇನ್ಸುಲಿನ್ ಇದೆ, ಚುಚ್ಚಿಕೊಳ್ಳುತ್ತೇವೆ. ಆದರೂ ಶುಗರ್ ಯಾಕೆ ಕುಣಿಯುತ್ತೆ?

ಮೂರನೇ ಮಹಡಿಯ ಮೇಲೆ ಸೋಲಾರ್ ಟ್ಯಾಂಕು, ನೆಲಮಹಡಿಯಲ್ಲಿ ಬಚ್ಚಲುಮನೆ ಇರುವ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರೇ ಬರುತ್ತೆ. ಇನ್ನಷ್ಟು ತಿರುಗಿಸುತ್ತೀರಿ. ಆಗಲೂ ತಣ್ಣಗೇ. ಪೂರ್ತಿ ತಿರುಗಿಸಿದ ಎರಡು ನಿಮಿಷಕ್ಕೆ ಕುದಿಯುವ ನೀರು ಮೈಮೇಲೆ. ಇಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬರೆದವರಿಗೆ ಇದರ ಸಿದ್ಧಾಂತ ಗೊತ್ತು: ನೀವು ಕೊಟ್ಟ ಆದೇಶಕ್ಕೂ ಅದರ ಪರಿಣಾಮಕ್ಕೂ ನಡುವೆ ತಡ ಜಾಸ್ತಿಯಾದಷ್ಟೂ ವ್ಯವಸ್ಥೆ ತೂಗಾಡುತ್ತದೆ. (ಆ ಡಿಗ್ರಿಯಿಂದ ನನಗೆ ಆದ ಉಪಯೋಗ ಇಷ್ಟೇ ಅಂತ ಅಮ್ಮ ಹೇಳುತ್ತಾರೆ.)

ಆರೋಗ್ಯವಂತರ ಮೇದೋಜೀರಕ ಗ್ರಂಥಿ ಗ್ಲೂಕೋಸ್ ಅನ್ನು ಸದಾ ಅಳೆಯುತ್ತಾ, ಕೆಲವೇ ನಿಮಿಷಗಳಲ್ಲಿ ಸ್ಪಂದಿಸುತ್ತದೆ. ಸಾಕು ಅನ್ನಿಸಿದರೆ ಇನ್ಸುಲಿನ್ ನಿಲ್ಲಿಸುತ್ತದೆ. ನಾವು ಚರ್ಮದಡಿ ಚುಚ್ಚಿಕೊಳ್ಳುವ ವೇಗದ ಇನ್ಸುಲಿನ್ ಕೆಲಸ ಶುರು ಮಾಡಲು 10ರಿಂದ 20 ನಿಮಿಷ ಬೇಕು, ಜೋರಾಗೋದು ಒಂದೆರಡು ಗಂಟೆಗೆ, ಪೂರ್ತಿ ಇಳಿಯೋಕೆ ಮೂರರಿಂದ ಐದು ಗಂಟೆ. ಒಮ್ಮೆ ಒಳಗೆ ಹೋದದ್ದನ್ನು ವಾಪಸ್ ತೆಗೆಯೋಕಾಗಲ್ಲ. ಎಂಟು ಗಂಟೆಗೆ ತಿಂಡಿ ತಿನ್ನುವ ಮುಂಚೆ ಆರು ಯೂನಿಟ್ ಹಾಕಿಕೊಳ್ಳುವಾಗ, ಹತ್ತೂವರೆಗೆ ನನ್ನ ದೇಹ ಏನು ಮಾಡುತ್ತಿರುತ್ತೆ ಅಂತ ನಾನು ಊಹಿಸಬೇಕು.

ಊಹೆ ಯಾವುದರ ಮೇಲೆ? ತಟ್ಟೆಯಲ್ಲಿ ಎಷ್ಟು ಕಾರ್ಬ್ ಇದೆ ಅನ್ನೋದರ ಮೇಲೆ. ಪ್ಯಾಕೆಟ್ ಬಿಸ್ಕತ್ತಿನ ಹಿಂದೆ ಅದು ಬರೆದಿರುತ್ತೆ. ದರ್ಶಿನಿಯ ತಟ್ಟೆ ಇಡ್ಲಿ ಮೇಲೆ ಬರೆದಿರಲ್ಲ. ಒಂದು ಹೋಟೆಲಿನ ಇಡ್ಲಿ ಇನ್ನೊಂದರ ಎರಡರಷ್ಟಿರುತ್ತೆ. 'ಮುದ್ದೆ ತಿನ್ನು, ಶುಗರ್‌ಗೆ ಒಳ್ಳೇದು' ಅನ್ನೋ ಸಲಹೆ ಬೇರೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಹೆಚ್ಚೂಕಮ್ಮಿ 65ರಿಂದ 70 ಗ್ರಾಂ ಕಾರ್ಬ್ ಇರುತ್ತೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇರೋದು ನಿಜ, ಆದರೆ ಟೈಪ್ 1 ಇರುವವರು ಮುದ್ದೆಗೂ ಅನ್ನದ ಹಾಗೇ ಲೆಕ್ಕ ಹಾಕಿ ಇನ್ಸುಲಿನ್ ತೆಗೆದುಕೊಳ್ಳಬೇಕು. ದೊನ್ನೆ ಬಿರಿಯಾನಿಯದ್ದು ಮತ್ತೊಂದು ಕಥೆ. ಅದರ ಕೊಬ್ಬು ಜೀರ್ಣವನ್ನು ನಿಧಾನ ಮಾಡುತ್ತೆ. ರಾತ್ರಿ ಹತ್ತಕ್ಕೆ ತಿಂದರೆ ಹನ್ನೊಂದಕ್ಕೆ ಮೀಟರ್ ಚೆನ್ನಾಗೇ ತೋರಿಸುತ್ತೆ, ಶುಗರ್ ಏರೋದು ನಿದ್ದೆಯಲ್ಲಿ.

ಊಟ ಪೂರ್ತಿ ಒಂದೇ ಥರ ಇಟ್ಟರೂ ಉತ್ತರ ಒಂದೇ ಥರ ಬರಲ್ಲ. ಅದೇ ಮನೆ, ಅದೇ ಎರಡು ದೋಸೆ, ಅದೇ ಆರು ಯೂನಿಟ್: ಸೋಮವಾರ 140, ಮಂಗಳವಾರ 240. ಮಧ್ಯೆ ಆಗಿರೋದು ಏನೂ ಇರಬಹುದು. ನಿದ್ದೆಗೆಟ್ಟಿರಬಹುದು, ನೆಗಡಿ ಬರುತ್ತಿರಬಹುದು, ಎಡಿಟರ್ ಫೋನ್ ಮಾಡಿರಬಹುದು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಅಲ್ಲಿ ಗಂಟು ಕಟ್ಟಿದ್ದರೆ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳಲ್ಲ. ಹಲವು ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ಕೆಲವು ದಿನ ಇದ್ದಬದ್ದ ಲೆಕ್ಕವೆಲ್ಲ ತಲೆಕೆಳಗಾಗುತ್ತೆ. ಏನೂ ತಿನ್ನದೆ ಮಲಗಿದರೂ ನಸುಕಿನಲ್ಲಿ ಏಳುವ ಹಾರ್ಮೋನುಗಳು ಶುಗರ್ ಅನ್ನೂ ಎಬ್ಬಿಸುತ್ತವೆ. ಇದರಲ್ಲಿ ಬಾಯಿ ಕಟ್ಟೋಕೆ ಏನಿದೆ?

ಇಳಿಯೋದು ಇನ್ನೂ ಕಷ್ಟ. 70ಕ್ಕಿಂತ ಕೆಳಗೆ ಹೋದರೆ 'ಲೋ'. ಬೆವರು, ಕೈನಡುಕ, ಕಾರಣವಿಲ್ಲದ ಸಿಟ್ಟು. 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೇ ಇಂಧನ ಸಾಲದೆ ಮಾತು ತೊದಲುತ್ತೆ. ಕುಡಿದಿದ್ದಾರೆ ಅಂತ ಜನ ಅಂದುಕೊಳ್ಳುವುದೂ ಉಂಟು. ಆಗ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ತಗೊಂಡು 15 ನಿಮಿಷ ಕಾಯಬೇಕು, ಮತ್ತೆ ಅಳೆಯಬೇಕು. ಆ ಕಾಯೋ ಹೊತ್ತಿದೆಯಲ್ಲ, ಆಗ ಇಡೀ ಅಡುಗೆಮನೆ ತಿಂದುಬಿಡಬೇಕು ಅನ್ನಿಸುತ್ತೆ. ತಿಂದರೆ ಇನ್ನೊಂದು ಗಂಟೆಗೆ 280. ನಿಮ್ಮ ಗೆಳೆಯರಲ್ಲಿ ಯಾರಿಗಾದರೂ ಹೀಗಾದರೆ, ಪ್ರಜ್ಞೆ ಇದ್ದರೆ ಜ್ಯೂಸ್ ಅಥವಾ ಸಕ್ಕರೆ ನೀರು ಕೊಡಿ. 'ಶುಗರ್ ಇಟ್ಕೊಂಡು ಜ್ಯೂಸ್ ಕುಡೀತೀಯಾ' ಅಂತ ಕಸಿದುಕೊಳ್ಳಬೇಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಒಂದು ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ.

ಈಗ ಕೈಗೆ ಅಂಟಿಸಿಕೊಳ್ಳುವ ಸೆನ್ಸರ್‌ಗಳು ಬಂದಿವೆ, ದಿನವಿಡೀ ಗ್ರಾಫ್ ಕೊಡುತ್ತವೆ. ಅವು ಬಂದ ಮೇಲೆ ತಜ್ಞರು ಒಪ್ಪಿದ ಗುರಿ ಏನು ಗೊತ್ತಾ? ಹೆಚ್ಚಿನ ವಯಸ್ಕರಿಗೆ ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು ಶುಗರ್ 70ರಿಂದ 180ರ ನಡುವೆ ಇದ್ದರೆ ಚೆನ್ನಾಗಿ ನಿಭಾಯಿಸುತ್ತಿದ್ದೀರಿ ಅಂತ ಅರ್ಥ. ಅಂದರೆ ದಿನಕ್ಕೆ ಏಳು ಗಂಟೆಯ ಹತ್ತಿರಹತ್ತಿರ ಗೆರೆ ದಾಟಿದರೂ ಅದು ಒಳ್ಳೆಯ ದಿನವೇ. ವೈದ್ಯಶಾಸ್ತ್ರ ಒಪ್ಪಿಕೊಂಡಿದ್ದನ್ನು ನಮ್ಮ ಮನೆಗಳು ಇನ್ನೂ ಒಪ್ಪಿಕೊಂಡಿಲ್ಲ.

ಆದರೆ ಈ ಏರಿಳಿತ ಎಲ್ಲರಿಗೂ ಒಂದೇ ಅಲ್ಲ. ಎರಡು ವಾರ ಬರುವ ಒಂದು ಸೆನ್ಸರ್‌ಗೆ ನಾನು ನಾಲ್ಕೈದು ಸಾವಿರ ಕೊಡುತ್ತೇನೆ. ಬೆರಳು ಚುಚ್ಚಿ ನೋಡುವ ಒಂದು ಸ್ಟ್ರಿಪ್ಪಿಗೆ 20 ರೂಪಾಯಿ ಆಸುಪಾಸು. ದಿನಕ್ಕೆ ನಾಲ್ಕು ಸಲ ಅಂದರೂ ತಿಂಗಳಿಗೆ 2,400. ಸೆನ್ಸರ್ ಇದ್ದವರಿಗೆ ಶುಗರ್ ಇಳಿಯುತ್ತಿರೋದು ಮೊದಲೇ ಕಾಣುತ್ತೆ, ಫೋನ್ ಕೂಗುತ್ತೆ. ಸ್ಟ್ರಿಪ್ಪಿಗೂ ದುಡ್ಡಿಲ್ಲದವರು ಕಣ್ಣು ಕಟ್ಟಿಕೊಂಡು ಡೋಸ್ ಹಾಕುತ್ತಾರೆ. ಗಾರ್ಮೆಂಟ್ಸ್ ಲೈನಿನಲ್ಲಿ ಕೂತ ಹುಡುಗಿಗೆ ಹನ್ನೊಂದು ಗಂಟೆಗೆ ಲೋ ಆದರೆ ಮಿಷನ್ ನಿಲ್ಲಿಸಿ 15 ನಿಮಿಷ ಕೂರೋಕೆ ಸೂಪರ್‌ವೈಸರ್ ಬಿಡುತ್ತಾನಾ? ಬಿಡಲ್ಲ ಅಂತ ಗೊತ್ತಿದ್ದವರು ಲೋ ಆಗದಿರಲಿ ಅಂತ ಇನ್ಸುಲಿನ್ನೇ ಕಮ್ಮಿ ಹಾಕಿಕೊಳ್ಳುತ್ತಾರೆ. ವರ್ಷಗಟ್ಟಲೆ ಹೀಗೆ ಹೈ ಇದ್ದರೆ ಕಣ್ಣು, ಕಿಡ್ನಿ ಹಾಳಾಗುತ್ತವೆ. ಆಮೇಲೆ ಡಾಕ್ಟರು 'ಕಂಟ್ರೋಲ್ ಇಲ್ಲ' ಅಂತ ಬರೆಯುತ್ತಾರೆ.

ಇನ್ನೊಂದು ಸಣ್ಣ ವಿಷಯ, ಸಣ್ಣದಲ್ಲ. ನಮ್ಮಲ್ಲಿ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳ. ಮೆಡಿಕಲ್ ಶಾಪಿನಲ್ಲಿ 40ರ ಬಾಟಲಿಗೆ ಕಿತ್ತಳೆ ಮುಚ್ಚಳದ್ದು ಕೊಟ್ಟರೆ ದೇಹಕ್ಕೆ ಹೋಗೋದು ಬೇಕಾದ್ದರಲ್ಲಿ ಶೇ. 40 ಮಾತ್ರ. ರೋಗಿ ಅದೆಷ್ಟೇ ಶಿಸ್ತಾಗಿದ್ದರೂ ಶುಗರ್ ಇಳಿಯಲ್ಲ.

ಸರ್ಕಾರ ಎಲ್ಲಿದೆ? ಇನ್ಸುಲಿನ್ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, 2022ರಲ್ಲಿ ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್ ಕೂಡ ಸೇರಿತು. ಒಳ್ಳೆಯದೇ. ಆದರೆ ಅಳೆಯದೆ ಇನ್ಸುಲಿನ್ ಹಾಕೋದು, ಸ್ಪೀಡೋಮೀಟರ್ ಇಲ್ಲದೆ ಘಾಟಿ ಇಳಿದ ಹಾಗೆ. ಬೆಂಗಳೂರಿನ ಬಯೋಕಾನ್‌ನ ಗ್ಲಾರ್ಜಿನ್‌ಗೆ 2021ರಲ್ಲಿ ಅಮೆರಿಕದ ಎಫ್‌ಡಿಎ ಮೂಲ ಬ್ರಾಂಡಿನ ಜಾಗದಲ್ಲಿ ನೇರವಾಗಿ ಕೊಡಬಹುದಾದ ಮೊದಲ ಇನ್ಸುಲಿನ್ ಅಂತ ಮಾನ್ಯತೆ ಕೊಟ್ಟಿತು. ಅದೇ ರಾಜ್ಯದ ಹಳ್ಳಿಗಳಲ್ಲಿ ಫ್ರಿಜ್ ಇಲ್ಲದ ಮನೆಗಳು ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಇಟ್ಟು ತಂಪು ಕಾಯುತ್ತವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ ಇವೆ, ಟೈಪ್ 1 ಇಲ್ಲ. ಸೇರಿಸಬೇಕಾ ಅನ್ನೋದರಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯ ಇದೆ. ಆ ಹೆಸರು ಅಂಟಿದರೆ ಹೆಣ್ಣುಮಕ್ಕಳ ಮದುವೆ ಮಾತು ನಿಲ್ಲುತ್ತೆ ಅನ್ನೋ ಭಯವನ್ನು ನಾನು ತಳ್ಳಿಹಾಕಲ್ಲ. ಆದರೂ ಸೇರಿಸಬೇಕು ಅನ್ನೋ ಕಡೆ ನಾನು. ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ನನ್ನ ಗ್ಲೂಕೋಸ್ ಪೊಟ್ಟಣವನ್ನು ಮೇಲ್ವಿಚಾರಕರು ಹೊರಗಿಡಿಸಿದಾಗ ತೋರಿಸೋಕೆ ನನ್ನ ಹತ್ತಿರ ಒಂದು ನಿಯಮವೂ ಇರಲಿಲ್ಲ. ಸಿಬಿಎಸ್‌ಇ 2017ರಲ್ಲಿ ಬೋರ್ಡ್ ಪರೀಕ್ಷೆಗೆ ಇಂಥ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಅನುಮತಿ ಕೊಟ್ಟಿತು. ಒಂದು ಸುತ್ತೋಲೆ, ಅಷ್ಟೇ ಸಾಕಾಗಿತ್ತು.

ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಡಯಾಬಿಟಿಸ್ ತಪಾಸಣೆ ಶುರುವಾಗೋದು 30 ವರ್ಷ ತುಂಬಿದ ಮೇಲೆ. ಟೈಪ್ 1 ಹೆಚ್ಚಾಗಿ ಬರೋದು ಮಕ್ಕಳಿಗೆ, ಹದಿಹರೆಯದವರಿಗೆ. ಆರೋಗ್ಯ ಸಿಬ್ಬಂದಿ ಬಂದು ಅಜ್ಜಿಯ ಬೆರಳು ಚುಚ್ಚುತ್ತಾರೆ. ಪಕ್ಕದಲ್ಲಿ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಸೊರಗಿದ ಮೈ ಇಟ್ಟುಕೊಂಡು ನಿಂತ ಎಂಟು ವರ್ಷದ ಮೊಮ್ಮಗಳು ಆ ಫಾರಂನಲ್ಲಿ ಬರಲ್ಲ. ಅವಳ ಬೆರಳಿಗೂ ಅದೇ ಒಂದು ಸ್ಟ್ರಿಪ್ ಸಾಕು. ಕಾಯಿಲೆ ಇದೆ ಅಂತ ಗೊತ್ತಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಇನ್ಸುಲಿನ್ ಜೊತೆ ತಿಂಗಳಿಗೆ ನೂರಿಪ್ಪತ್ತು ಸ್ಟ್ರಿಪ್ ಪುಕ್ಕಟೆ ಸಿಗಬೇಕು. ಇವತ್ತಿನ ಅಂಗಡಿ ರೇಟಿನಲ್ಲೇ ಲೆಕ್ಕ ಹಾಕಿದರೂ ಅದಕ್ಕೆ ತಗಲೋದು ಅದೇ 2,400 ರೂಪಾಯಿ.