ಮಂಜಿನ ಹೊತ್ತಿಗೆ ಮಂಡಿ ಸೇರುವ ಗಾಡಿಗಳು

ಚಳಿಗಾಲದಲ್ಲಿ ಗೌರಿಬಿದನೂರಿನಿಂದ ಚಿಂತಾಮಣಿಯವರೆಗಿನ ಬಯಲಿಗೆ ಮಂಜು ಇಳಿಯುವುದು ಬೆಳಗಿನ ಜಾವ. ಸರಕಿನ ಗಾಡಿಗಳು ರಸ್ತೆಗಿಳಿಯುವುದೂ ಆಗಲೇ. ಹಳ್ಳಿ ಹಳ್ಳಿಯ ಡೇರಿಯಿಂದ ಹಾಲು ತುಂಬಿಕೊಳ್ಳುವ ಗಾಡಿ, ಚಿಂತಾಮಣಿ ಮಂಡಿಗೆ ಟೊಮೆಟೊ ಕ್ರೇಟು ಹೊತ್ತ ಪಿಕಪ್, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟ ಟಾಟಾ ಏಸ್, ಬೆಂಗಳೂರಿಗೆ ಹೂವಿನ ಮೂಟೆ ಒಯ್ಯುವ ಕ್ಯಾಂಟರ್: ಯಾವುದಕ್ಕೂ ಬಿಸಿಲೇರುವವರೆಗೆ ಕಾಯುವ ಪುರುಸೊತ್ತಿಲ್ಲ. ಹಾಲು ಕೆಡುತ್ತದೆ, ಹೂವು ಬಾಡುತ್ತದೆ, ಹರಾಜು ಮುಗಿದುಹೋಗುತ್ತದೆ.

ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗ ಕಾವು ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಅದರಲ್ಲಿನ ತೇವ ಸಣ್ಣ ಹನಿಗಳಾಗುತ್ತದೆ. ತಗ್ಗಿನಲ್ಲಿ, ಕೆರೆಯ ಆಸುಪಾಸಿನಲ್ಲಿ ಅದು ಹೆಚ್ಚು ದಟ್ಟ. ದಿಬ್ಬದ ಮೇಲೆ ತಿಳಿಯಾಗಿದ್ದ ರಸ್ತೆ ಕೆರೆ ಏರಿಯ ಹತ್ತಿರ ಬರುತ್ತಿದ್ದಂತೆ ಇದ್ದಕ್ಕಿದ್ದಂತೆ ಮುಚ್ಚಿಹೋಗುವುದು ಇದರಿಂದಲೇ. 200 ಮೀಟರಿನಾಚೆ ಕಾಣದಿದ್ದರೆ ಹವಾಮಾನ ಇಲಾಖೆ ಅದನ್ನು ದಟ್ಟ ಮಂಜು ಎನ್ನುತ್ತದೆ. 50 ಮೀಟರಿನಾಚೆಯೂ ಕಾಣದಿದ್ದರೆ ಅತಿ ದಟ್ಟ.

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಬಾಗೇಪಲ್ಲಿ ಕಡೆಯಿಂದ ಬರುತ್ತಿದ್ದ ಟಾಟಾ ಸುಮೊ ನಿಂತಿದ್ದ ಟ್ಯಾಂಕರ್‌ನ ಹಿಂಬದಿಗೆ ಅಪ್ಪಳಿಸಿತು. 13 ಮಂದಿ ಸತ್ತರು. ಆಗ ರಸ್ತೆಯ ಮೇಲೆ ಮಂಜು ಕವಿದಿತ್ತು. ಈ ಜಿಲ್ಲೆಯಲ್ಲಿ ಸರಕು ಸಾಗಿಸುವ ಪ್ರತಿಯೊಬ್ಬರೂ ನೆನಪಿಡಬೇಕಾದ ಘಟನೆ ಇದು. ಏಕೆಂದರೆ ಮಂಜಿನಲ್ಲಿ ಓಡುವ ಗಾಡಿಯಷ್ಟೇ ನಿಂತ ಗಾಡಿಯೂ ಅಪಾಯಕಾರಿ.

ಲೆಕ್ಕ ಸರಳ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಇದೆಯೆಂದು ತಿಳಿದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, ಅಷ್ಟರಲ್ಲೇ 25 ಮೀಟರ್ ದಾಟಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿದ್ದರೂ ನಿಲ್ಲಲು ಇನ್ನೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಒಟ್ಟು 50 ಮೀಟರಿನ ಹತ್ತಿರ. 40 ಕಿ.ಮೀ. ವೇಗದಲ್ಲಿ ಇದು 30 ಮೀಟರಿನೊಳಗೆ ಮುಗಿಯುತ್ತದೆ. ಟೈರ್ ಸವೆದಿದ್ದರೆ, ಹೊರೆ ಮಿತಿ ಮೀರಿದ್ದರೆ, ರಸ್ತೆ ಒದ್ದೆಯಾಗಿದ್ದರೆ ದೂರ ಬೆಳೆಯುತ್ತಲೇ ಹೋಗುತ್ತದೆ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗ, ಹೆದ್ದಾರಿಯ ಫಲಕ ಒಪ್ಪಿದರೂ, ಆ ಹೊತ್ತಿಗೆ ಅತಿವೇಗವೇ.

ಮಂಜಿನಲ್ಲಿ ಹೈಬೀಮ್ ಹಾಕುವವರು ಬಹಳ. ಆ ಬೆಳಕು ಹನಿಗಳಿಗೆ ಬಡಿದು ಚಾಲಕನ ಕಣ್ಣಿಗೇ ಮರಳುತ್ತದೆ, ಮುಂದೆ ಬಿಳಿಯ ಗೋಡೆ ಎದ್ದಂತಾಗುತ್ತದೆ. ಡಿಪ್ ಬೆಳಕು ನೆಲ ನೋಡುತ್ತದೆ, ಅದೇ ಸರಿ. ಇನ್ನು ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ರೂಢಿ. ಇದರಿಂದ ಗಾಡಿ ಎತ್ತ ತಿರುಗುತ್ತದೆಂಬುದು ಹಿಂದಿನವರಿಗೆ ತಿಳಿಯುವುದಿಲ್ಲ, ನಿಂತಿದೆಯೋ ಓಡುತ್ತಿದೆಯೋ ಅದೂ ಗೊತ್ತಾಗುವುದಿಲ್ಲ. ಎಸಿ ಇಲ್ಲದ ಕ್ಯಾಬಿನ್ನಿನಲ್ಲಿ ಇಬ್ಬರು ಕೂತರೆ ಉಸಿರಿನ ತೇವಕ್ಕೇ ಗಾಜು ಮಬ್ಬಾಗುತ್ತದೆ. ಚಳಿಯಾದರೂ ಕಿಟಕಿಯನ್ನು ತುಸು ಇಳಿಸಬೇಕು.

ತಾನು ನೋಡುವುದಕ್ಕಿಂತ ಇತರರಿಗೆ ತಾನು ಕಾಣುವುದು ಇಲ್ಲಿ ದೊಡ್ಡ ಮಾತು. ಹಿಂದಿನ ಕೆಂಪು ದೀಪ, ಪ್ರತಿಫಲಕ ಪಟ್ಟಿಗಳ ಮೇಲಿನ ಧೂಳು ಮತ್ತು ಸಗಣಿಯನ್ನು ಒರೆಸಲು ಒಂದು ತುಂಡು ಬಟ್ಟೆ ಸಾಕು. ಆದರೂ ಎಷ್ಟೋ ಗಾಡಿಗಳಲ್ಲಿ ಆ ಕೆಲಸವಾಗಿರುವುದಿಲ್ಲ. ಟ್ರಾಕ್ಟರ್ ಟ್ರೈಲರ್‌ಗಳ ಸ್ಥಿತಿ ಇನ್ನೂ ಕೆಟ್ಟದು. ಪಂಚರಾದ ಲಾರಿಯ ಹಿಂದೆ ಸೊಪ್ಪಿನ ಕೊಂಬೆ, ಕಲ್ಲು ಇಡುತ್ತಾರೆ, ಹೊರಡುವಾಗ ಕಲ್ಲನ್ನು ಅಲ್ಲೇ ಬಿಡುತ್ತಾರೆ. ಮುಂದೆ ಬರುವ ಬೈಕಿಗೆ ಅದೇ ಗಂಡಾಂತರ. ಹೊಳೆಯುವ ತ್ರಿಕೋನವನ್ನೇ ಇಡಬೇಕು, ಅದೂ ಗಾಡಿಗೆ ಒತ್ತಿಕೊಂಡಲ್ಲ, 50 ಮೀಟರಿಗೂ ಹಿಂದೆ. ಸಾಧ್ಯವಿದ್ದರೆ ಗಾಡಿಯನ್ನು ಡಾಂಬರಿನಿಂದ ಪೂರ್ತಿ ಕೆಳಗಿಳಿಸಬೇಕು. ಅಪಾಯವಾಗುವಂತೆ ಗಾಡಿ ನಿಲ್ಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು ನಿಷೇಧಿಸಿದೆ.

ಮಂಜಿನ ಕಾಲವೇ ರಾಗಿ ಒಕ್ಕಣೆಯ ಕಾಲ. ಕಣ ಮಾಡಲು ಜಾಗವಿಲ್ಲದ ರೈತರು ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡುತ್ತಾರೆ. ಇರುಳಿನಲ್ಲಿ ಹುಲ್ಲಿನ ರಾಶಿ, ಅದರ ಸುತ್ತ ಇಟ್ಟ ಕಲ್ಲುಗಳು ಹಾಗೆಯೇ ಉಳಿಯುತ್ತವೆ. ಒಣಹುಲ್ಲಿನ ಮೇಲೆ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ. ಪಂಚಾಯಿತಿಗೊಂದು ಸಾಮೂಹಿಕ ಕಣವಿದ್ದರೆ ರೈತರಿಗೂ ಚಾಲಕರಿಗೂ ಈ ಭಯ ತಪ್ಪುತ್ತಿತ್ತು.

ಮಂಡಿಯೊಳಗೆ ಮಂಜಿಲ್ಲದಿದ್ದರೂ ಕಣ್ಣಿಗೆ ಮರೆಯಿದೆ. ಕ್ರೇಟು ಮೇಲಕ್ಕೇರಿದ ಪಿಕಪ್‌ನ ಒಳಗನ್ನಡಿಯಲ್ಲಿ ಬರೀ ಸರಕು. ಹಿಂದೆ ಕೂತು ಕಾಯಿ ಆರಿಸುವ ಹೆಂಗಸರು ಕಾಣುವುದಿಲ್ಲ. ಕ್ಲೀನರ್ ಇಳಿದು, ಚಾಲಕನ ಕಡೆಯ ಕನ್ನಡಿಯಲ್ಲಿ ಕಾಣುವಂತೆ ನಿಂತು ‘ಬರ್ಲಿ, ಬರ್ಲಿ’ ಅನ್ನಬೇಕು. ಅವನು ಕನ್ನಡಿಯಿಂದ ಮರೆಯಾದ ಕ್ಷಣವೇ ಗಾಡಿ ನಿಲ್ಲಬೇಕು.

ಇಷ್ಟೆಲ್ಲವನ್ನೂ ಚಾಲಕನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಗೌರಿಬಿದನೂರಿನಿಂದ ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಸುಮಾರು 35 ಕಿ.ಮೀ. 60ರ ವೇಗದಲ್ಲಿ 35 ನಿಮಿಷ, 40ರಲ್ಲಿ 50 ನಿಮಿಷ ದಾಟುತ್ತದೆ. ವ್ಯತ್ಯಾಸ 20 ನಿಮಿಷವೂ ಇಲ್ಲ. ಮಂಜು ಬಿದ್ದ ದಿನ ಅಷ್ಟು ತಡವಾದರೆ ಬಾಡಿಗೆ ಮುರಿಯುವುದಿಲ್ಲವೆಂದು ಮಾಲೀಕರು, ಮಂಡಿ ವರ್ತಕರು ಮೊದಲೇ ಬಾಯಿಬಿಟ್ಟು ಹೇಳಬೇಕು.